ಕಣ್ಣಿಗೆ ಕತ್ತಲೆ, ಕೈಗೆ ಅಂಟಿನುಂಡಿ

ಪಕ್ಕದ ಮನೆಯಲ್ಲಿ ಬಾಣಂತಿಗೆ ಅಂಟಿನುಂಡಿ ಕಟ್ಟುತ್ತಿದ್ದಾರೆ. ತುಪ್ಪದಲ್ಲಿ ಅಂಟು ಅರಳುವ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ನನಗೆ ಎದೆ ಧಸಕ್ಕೆನ್ನುತ್ತದೆ. ಉಂಡಿಗೆ ಹೆದರುವವಳು ಸವದತ್ತಿಯಲ್ಲಿ ನಾನೊಬ್ಬಳೇ ಇರಬೇಕು.

ಎಪ್ಪತ್ತರ ದಶಕದಲ್ಲಿ ನಾನು ಸಂಪಗಾಂವದಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಹಿರಿಸೊಸೆ, ನನ್ನ ವೈನಿ, ದಿನಾ ಬೆಳಿಗ್ಗೆ ತಲೆನೋವೆಂದು ಹಣೆಗೆ ಸುಂಠಿ ಹಚ್ಚಿಕೊಳ್ಳುತ್ತಿದ್ದರು. ರಂಗೋಲಿಗೆ ಬಗ್ಗಿದರೆ ಗಳಿಗೆ ಹೊತ್ತು ಕಣ್ಣು ಕತ್ತಲಾಗುತ್ತಿತ್ತು. ಅತ್ತೆಯವರ ತೀರ್ಮಾನ ಒಂದೇ: "ಉಪಾಸ ಮಾಡಿ ಮಾಡಿ ಮೈಯಾಗ ಕಸುವಿಲ್ಲ." ವೈನಿ ನನ್ನಂಥ ಇಬ್ಬರಷ್ಟು ದಪ್ಪಗಿದ್ದರೂ ಬೆಳಿಗ್ಗೆ, ಸಂಜೆ ಕೈಗೆ ಉಂಡಿ ಬರುತ್ತಿತ್ತು. ಸೊಸೆಯಿಂದ ತುಪ್ಪ ಬಚ್ಚಿಡುವ ಅತ್ತೆಯರನ್ನು ನೀವು ಕಂಡಿರಬಹುದು, ನಮ್ಮವರು ತುರುಕುವವರು. ವೈನಿಯ ಮೈ ತುಂಬುತ್ತ ಹೋಯಿತು, ಕಣ್ಣು ಮಸುಕಾಗುತ್ತ ಹೋಯಿತು. ರಂಗೋಲಿಯ ಎಡ ಅಂಚಿನ ಎಸಳು ದಿನಾ ತಪ್ಪತೊಡಗಿತು.

ಕಡೆಗೆ ಬೆಳಗಾವಿಗೆ ಕರೆದೊಯ್ದೆವು. ಕತ್ತಲ ಕೋಣೆಯಲ್ಲಿ ಕಣ್ಣಿನ ಡಾಕ್ಟರು ಸಣ್ಣ ದೀಪ ಹಿಡಿದು ವೈನಿಯ ಕಣ್ಣೊಳಗೆ ಇಣುಕಿದರು. ಅವರ ಮೂಗು ಕೆನ್ನೆಗೆ ತಾಗುವಷ್ಟು ಹತ್ತಿರ ಬಂದಾಗ ಭಾವ ಗಟ್ಟಿಯಾಗಿ ಕೆಮ್ಮಿದರು. ಡಾಕ್ಟರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

"ತಲಿಯೊಳಗಿನ ನೀರಿನ ಒತ್ತಡ ಹೆಚ್ಚಾಗೇದರಿ. ಕಣ್ಣಿನ ಹಿಂದಿನ ನರ ಬಾತಾವ. ತಡಾ ಮಾಡಿದ್ರ ಕಣ್ಣು ಹೋಗ್ತಾವ."

ತಪಾಸಣೆಗಳೆಲ್ಲ ಆಗಿ ತಲೆಯಲ್ಲಿ ಗಡ್ಡೆ ಇಲ್ಲವೆಂದು ಖಾತ್ರಿಯಾಯಿತು. ಇನ್ನು ಬೆನ್ನಿಗೆ ಸೂಜಿ ಹಾಕಿ ಒತ್ತಡ ಅಳೆದು ನೀರು ತೆಗೆಯಬೇಕೆಂದರು. ಕಾಲು ಬಿದ್ದುಹೋದರೇನು ಗತಿಯೆಂದು ಭಾವ ಬೆವೆತರು. ವೈನಿಯೇ ಮಾತು ಮುಗಿಸಿದರು: "ಕಾಲು ಹೋದ್ರ ತೆವಳಕೋತ ಅಡ್ಡಾಡತೇನಿ. ಕಣ್ಣು ಹೋದ್ರ ನಿಮ್ಮ ಮಾರಿ ಹೆಂಗ ನೋಡ್ಲಿ?"

ಕಾಲು ಹೋಗಲಿಲ್ಲ. ತಲೆಭಾರ ಇಳಿಯಿತು. ಮುಂದೆ ಒತ್ತಡ ಇಳಿಸುವ, ಬೆರಳು ಜುಮುಗುಡಿಸುವ ಗುಳಿಗೆಗಳು ನಡೆದವು. ಜೊತೆಗೆ ಡಾಕ್ಟರ ಕಟ್ಟಪ್ಪಣೆ: ಮೈ ಇಳಿಯಬೇಕು, ತುಪ್ಪ-ಬೆಲ್ಲ ಬಂದ್. ಅದನ್ನು ಕೇಳಿದ ಅತ್ತೆ ಡಬ್ಬಿಯ ಉಂಡಿಗಳನ್ನೆಲ್ಲ ಓಣಿಯವರಿಗೆ ಹಂಚಿಬಿಟ್ಟರು. ಅಂದಿನಿಂದ ವೈನಿಯ ಪಕ್ಕದಲ್ಲೇ ಕೂತು ತಾವೂ ಒಣ ರೊಟ್ಟಿ ತಿಂದರು. ಕಣ್ಣು ಉಳಿಯಿತು, ಎಡ ಅಂಚಿನ ನೋಟವೊಂದು ಮಾತ್ರ ಮರಳಲಿಲ್ಲ. ರಂಗೋಲಿಯಲ್ಲಿ ತಪ್ಪಿದ ಎಸಳನ್ನು ಅತ್ತೆ ಯಾರಿಗೂ ಕಾಣದಂತೆ ಬರೆದು ಬರುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ನನಗೆ ಬಂತು.

ಈಗ ಪಕ್ಕದವರು ಉಂಡಿ ತಂದುಕೊಟ್ಟರು. ಬೆಳಗಿನಿಂದ ತಲೆ ಸಿಡಿಯುತ್ತಿದೆ ಎಂದದ್ದೇ ತಡ, ವೈನಿ ನನ್ನ ಕೈಯಿಂದ ಉಂಡಿ ಕಸಿದುಕೊಂಡು ನನ್ನನ್ನು ಅಂಗಳಕ್ಕೆ ನಡೆಸಿದರು.

"ಮೊದಲ ಬಗ್ಗು. ಕತ್ತಲಿ ಬರ್ತದೇನು?"

ಬಗ್ಗಿದೆ. ಮೊಣಕಾಲು ಲಟಕ್ಕೆಂದವು. ಎದುರಿಗೆ ಬೆಳಿಗ್ಗೆ ಅವರು ಹಾಕಿದ ರಂಗೋಲಿ. ಎಡಕ್ಕೆ ಒಂದು ಎಸಳು ಇಲ್ಲ. ಇವತ್ತು ತಲೆನೋವಿನಲ್ಲಿ ಅದನ್ನು ತುಂಬುವುದನ್ನು ನಾನೇ ಮರೆತಿದ್ದೆ. ಬಗ್ಗಿದ್ದವಳು ಹಾಗೇ ಅದನ್ನು ಬರೆದೆ.

"ಇಲ್ಲರಿ ವೈನಿ, ಎಲ್ಲಾ ಕಾಣಸ್ತದ."

"ಎಸಳನ್ನೂ ಬರದ್ಯಲ್ಲಾ, ಛಲೋ ಆತು," ಎಂದರು ವೈನಿ. "ಅತ್ತಿಯವರು ಒಂದಿನಾನೂ ಮರೀತಿದ್ದಿಲ್ಲ." ಉಂಡಿಯನ್ನು ಮುರಿದು ಅರ್ಧ ನನ್ನ ಕೈಗಿಟ್ಟರು.