ಇಂಗ್ಲಿಷ್ ಮೇಡಂ ಅವರ ನಾಲಿಗೆ

ನಮ್ಮ ಇಂಗ್ಲಿಷ್ ಮೇಡಂ ಅವರ ನಾಲಿಗೆ ಕಂಡ ಕಂಡ ದೇಶಗಳ ಭಾಷೆಗಳ ಮೇಲೆ ದಂಡೆತ್ತಿ ಹೋಗಿ, ಹೋದಲ್ಲೆಲ್ಲ ಮಣ್ಣುಮುಕ್ಕಿ ಬಂದಿದೆ. ಹೊರದೇಶಗಳಿಂದ ಬಂದು ಇಂಗ್ಲಿಷ್ ಕಲಿಯುವ ಮಕ್ಕಳೇ ತುಂಬಿರುವ ಶಾಲೆ ನಮ್ಮದು. ದಿನವೂ ಪಾಠಕ್ಕೆ ಮೊದಲು ಮೇಡಂ ಮಕ್ಕಳ ಬೆಂಚಿನಲ್ಲಿ ಮುದುಡಿ ಕೂರುತ್ತಾರೆ; ಒಂದು ಮಗು ಬೋರ್ಡಿನ ಮುಂದೆ ನಿಂತು ತನ್ನ ಮನೆಮಾತಿನ ಒಂದು ವಾಕ್ಯ ಕಲಿಸುತ್ತದೆ. ಮೇಡಂ ಅದನ್ನು ಹೇಳುತ್ತಾರೆ, ತರಗತಿ ಬಿದ್ದು ಬಿದ್ದು ನಗುತ್ತದೆ, ಪಕ್ಕದ ಕೋಣೆಯಲ್ಲಿ ನನ್ನ ಗಣಿತದ ಪಾಠ ದಿಕ್ಕಾಪಾಲಾಗುತ್ತದೆ. ತಮ್ಮ ಉಚ್ಚಾರಣೆಗೆ ಮಕ್ಕಳು ಕೊಟ್ಟ ಸೊನ್ನೆಯನ್ನು ಅವರು ಸ್ಟಾಫ್ ರೂಮಿನಲ್ಲಿ ಪದಕದ ಹಾಗೆ ಮೆರೆಸುತ್ತಾರೆ. ಬಂದಾಗಿನಿಂದ ಬಾಯಿಬಿಡದ ಒಬ್ಬ ಹುಡುಗಿಯನ್ನು ಕೆಳಗಿನ ತರಗತಿಗೆ ಇಳಿಸಲು ಹೆಡ್‌ಮಾಸ್ಟರು ಹೊರಟಿದ್ದರು. ಮೊನ್ನೆ ಅವಳ ಸರದಿಗೆ ಮೇಡಂ ಅವಳ ಅಮ್ಮನನ್ನೇ ಕರೆಸಿ ಪಾಠ ಹೇಳಿಸಿಕೊಂಡರು. ಆ ತಾಯಿಯ ಮಾತಿಗೆ ಮೇಡಂ ಕೊಟ್ಟ ಚಿತ್ರಹಿಂಸೆ ನೋಡಲಾರದೆ ಹುಡುಗಿ ಎದ್ದು, ಇಂಗ್ಲಿಷಿನಲ್ಲೇ, “ಸ್ಟಾಪ್, ಮೇಡಂ. ವಾಚ್ ಮೈ ಮೌತ್” ಎಂದಳು. ಅವಳನ್ನು ಇಳಿಸುವ ಮಾತು ಅಲ್ಲಿಗೇ ಮುಗಿಯಿತು. ನಾನು ಹೋಗಿ ಕೈಮುಗಿದೆ: “ಬೇಕಂತಲೇ ತಪ್ಪು ಹೇಳಿದ್ರಲ್ಲ, ಎಂಥಾ ಉಪಾಯ ಮೇಡಂ.” “ಉಪಾಯ ಎಲ್ಲಿಂದ ಬಂತು ಸರ್? ನಂಗೆ ನಿಜವಾಗ್ಲೂ ನಾಲಿಗೆ ಹೊರಳಲ್ಲ. ಈಗಲೂ ಆ ವಾಕ್ಯಾನೇ ಬಾಯಿಪಾಠ ಮಾಡ್ತಾ ಇದ್ದೆ, ನೀವು ಬಂದು ಕೆಡಿಸಿದ್ರಿ.”