‘ಎಷ್ಟು ಸ್ಲಿಮ್ ಆಗಿದೀರಿ’

ನಿನ್ನೆ ಬೀರು ಒರೆಸುವಾಗ ನನ್ನ ಹೆಂಡತಿ ಸರೋಜಳ ಹಳೆಯ ರವಿಕೆಯೊಂದು ಕೈಗೆ ಸಿಕ್ಕಿತು. ಒಳಗಡೆ ಒಂದರ ಪಕ್ಕ ಒಂದು ಮೂರು ಹೊಲಿಗೆ. ನಾಲ್ಕೇ ತಿಂಗಳಲ್ಲಿ ಮೂರು ಸಲ ಬಿಗಿ ಮಾಡಿಸಿದ್ದು. ನೋಡಿದರೆ ಈಗಲೂ ಮೈ ಉರಿಯುತ್ತದೆ. ಅರ್ಧ ನಮ್ಮೂರಿನ ಸವಿಮಾತಿನ ಮೇಲೆ, ಇನ್ನರ್ಧ ನನ್ನ ಮೇಲೆ.

ಮೈಸೂರಿನವರ ಮಾತಿನ ನಯ ನಿಮಗೆ ಗೊತ್ತೇ ಇದೆ. ಉಪ್ಪಿಲ್ಲದ ಸಾರು ಉಂಡೂ ‘ಅಮೃತ ಕಣ್ರೀ’ ಎನ್ನುತ್ತೇವೆ. ಒಳಗೆ ಕರೆಯುವ ಮನಸ್ಸಿಲ್ಲದೆ ಬಾಗಿಲಿಗೆ ಅಡ್ಡ ನಿಂತು ‘ಊಟ ಮಾಡ್ಕೊಂಡೇ ಹೋಗ್ಬೇಕು’ ಎನ್ನುತ್ತೇವೆ. ನಾನೂ ಇದರಲ್ಲಿ ಪಳಗಿದವನೇ. ಮೇಷ್ಟರಾಗಿದ್ದಷ್ಟು ಕಾಲ ಪ್ರತಿ ಬೀಳ್ಕೊಡುಗೆಯಲ್ಲೂ ‘ತುಂಬಲಾರದ ನಷ್ಟ’ ಎಂದು ಭಾಷಣ ಮಾಡಿದ್ದೇನೆ. ಹೋದವರ ಇನಿಷಿಯಲ್ಲು ಮರುವಾರಕ್ಕೆ ಮರೆತಿರುತ್ತಿತ್ತು.

ಐದಾರು ವರ್ಷದ ಹಿಂದೆ ಸರೋಜ ತೆಳ್ಳಗಾಗತೊಡಗಿದಳು. ಅಶೋಕಪುರಂನ ನಮ್ಮ ಬೀದಿಗೆ ಅದೊಂದು ಸಂಭ್ರಮವೇ ಆಯಿತು. ಎದುರುಮನೆಯ ವಿಮಲಾ, ‘ಏನ್ರೀ ಗುಟ್ಟು? ಎಷ್ಟು ಸ್ಲಿಮ್ ಆಗಿದೀರಿ, ಕಾಲೇಜ್ ಹುಡುಗಿ ಥರ ಆಗ್ಬುಟ್ರಲ್ಲ’ ಎಂದರು. ಯಾರದೋ ಗೃಹಪ್ರವೇಶದಲ್ಲಿ ನಾಲ್ಕು ಜನ ಸುತ್ತುವರಿದು ಯಾವ ಡಯಟ್ ಎಂದು ಕೇಳಿದರು. ಇವಳು ಯಾವ ಡಯಟ್ಟೂ ಮಾಡುತ್ತಿರಲಿಲ್ಲ. ಆದರೂ ಹೊಗಳಿದವರಿಗೆ ನಿರಾಸೆಯಾಗಬಾರದೆಂದು ‘ರಾತ್ರಿ ಅನ್ನ ಬಿಟ್ಟಿದೀನಿ’ ಎಂದು ಸುಳ್ಳು ಹೇಳಿದಳು. ಮನೆಯಲ್ಲಿ ಸುಸ್ತು ಅನ್ನುತ್ತಿದ್ದಳು, ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಒಂದು ದಿನ ಕನ್ನಡಿಯ ಮುಂದೆ ನಿಂತು, ‘ಯಾಕೋ ಮುಖ ಬಾಡಿದೆ ಅಲ್ವಾ?’ ಎಂದು ಕೇಳಿದಳು. ನಾನು ಪೇಪರಿನಿಂದ ತಲೆ ಎತ್ತದೆ, ‘ಮದುವೆ ಹುಡುಗಿ ಹಾಗಿದೀಯ’ ಎಂದೆ.

ಇಲವಾಲದ ಕಡೆಯಿಂದ ಸೊಪ್ಪು ತರುತ್ತಿದ್ದ ಚಿಕ್ಕತಾಯಮ್ಮ ಎರಡು ತಿಂಗಳು ಮಗಳ ಬಾಣಂತನಕ್ಕೆಂದು ಹೋಗಿದ್ದಳು. ವಾಪಸು ಬಂದವಳು ಕುಕ್ಕೆ ಇಳಿಸಿ ಇವಳನ್ನೇ ದಿಟ್ಟಿಸಿದಳು.

‘ಯಾಕವ್ವ, ಇಂಗೆ ಸೊರಗೋಗಿದೀಯ? ಮೂಳೆ ಕಾಣ್ತಾ ಅದೆ. ಮನೇಲಿ ಯಾರೂ ನೋಡ್ನಿಲ್ವಾ?’

ಸರೋಜ ಮುಖ ಊದಿಸಿಕೊಂಡು ಒಳಗೆ ಬಂದಳು. ‘ಮಾತಾಡೋಕೆ ಬರಲ್ಲ ಆ ಹೆಂಗಸಿಗೆ’ ಎಂದು ನಾನೂ ಸಿಡುಕಿದೆ. ಆದರೆ ಮಾತು ನಾಟಿತ್ತು. ಮರುದಿನ ಅವಳೇ ರಕ್ತ ಪರೀಕ್ಷೆಗೆ ಹೊರಟಳು. ಸಕ್ಕರೆ ಎಷ್ಟು ಏರಿತ್ತೆಂದರೆ ವೈದ್ಯರು ಮನೆಗೇ ಕಳಿಸಲಿಲ್ಲ. ‘ಇನ್ನೊಂದು ವಾರ ಬಿಟ್ಟಿದ್ರೆ ಕಷ್ಟ ಇತ್ತು. ಇಷ್ಟು ಇಳಿದಿರೋದು ಯಾರ ಕಣ್ಣಿಗೂ ಬೀಳಲಿಲ್ವಾ?’ ಎಂದು ನನ್ನನ್ನು ಕೇಳಿದರು. ಎಲ್ಲರ ಕಣ್ಣಿಗೂ ಬಿದ್ದಿತ್ತು.

ವಿಮಲಾ ಆಸ್ಪತ್ರೆಗೆ ಮೂಸಂಬಿ ಹಿಡಿದು ಬಂದು, ಡ್ರಿಪ್ಪಿನ ಪಕ್ಕ ನಿಂತು, ‘ಈಗಲೂ ಏನು ಕಳೆಯಾಗಿದೀರಿ’ ಎಂದರು. ಅವರು ಹೋದ ಮೇಲೆ ನಾನು ರೇಗಾಡಿದೆ. ಸರೋಜ ಕಣ್ಣು ಮುಚ್ಚಿಕೊಂಡೇ, ‘ಅವರು ಹೇಳ್ತಾರೆ ಬಿಡಿ. ನಾನು ಕೇಳಿದ್ದು ನಿಮ್ಮನ್ನ’ ಎಂದಳು.

ಈಗ ಅವಳು ಮಾತ್ರೆ, ಪಥ್ಯಗಳ ನಡುವೆ ಮೊದಲಿನಂತೆ ಮೈ ತುಂಬಿಕೊಂಡಿದ್ದಾಳೆ. ಬೀದಿಯಲ್ಲಿ ಯಾರೂ ಹೊಗಳುವುದಿಲ್ಲ.

ಇವತ್ತು ಬೆಳಿಗ್ಗೆ ಪಾರ್ಕಿನಲ್ಲಿ, ದಿನವೂ ಜೊತೆಗೆ ನಡೆಯುವ ಶಿವಣ್ಣನವರಿಗೆ ಯಾರೋ ‘ಫಿಟ್ ಆಗಿದೀರಿ ಸಾರ್’ ಎಂದು ಬೆನ್ನು ತಟ್ಟಿ ಹೋದರು. ನನ್ನ ನಾಲಗೆಯ ಮೇಲೂ ಅಂಥದೇ ಒಂದು ಮಾತು ಬಂದು ಕೂತಿತ್ತು. ನುಂಗಿಕೊಂಡೆ.

‘ತುಂಬ ಇಳಿದುಹೋಗಿದೀರಿ ಶಿವಣ್ಣ. ಏನಾಗಿದೆ?’

ಅವರು ನಡಿಗೆ ನಿಲ್ಲಿಸಿ ಕಲ್ಲುಬೆಂಚಿನ ಮೇಲೆ ಕೂತರು.

‘ಊಟ ಸೇರ್ತಿಲ್ಲ ಕಣ್ರೀ, ಎರಡು ತಿಂಗಳಾಯ್ತು. ಎಲ್ರೂ ಚೆನ್ನಾಗಿದೀರಿ ಅಂತಾರಲ್ಲ, ಯಾರಿಗೆ ಹೇಳೋದು?’

ನಾನು ಅವರ ಪಕ್ಕದಲ್ಲಿ ಕೂತು, ‘ನನಗೆ ಹೇಳಿ’ ಎಂದೆ.