ಬಿಸಿಲಿಗೆ ಬಿಟ್ಟ ಮೂರು ಪೆಟ್ಟಿಗೆ

ಏನು ಕೆಲಸ ಮಾಡುತ್ತೀರಿ ಎಂದು ಸಿಂಗಪುರದ ಕನ್ನಡದವರು ಯಾರೇ ಕೇಳಲಿ, ‘ಒಂದು ಇಂಪೋರ್ಟ್ ಕಂಪನೀಲಿ ಇದ್ದೀನಿ’ ಎನ್ನುತ್ತಿದ್ದೆ. ಏನು ತರಿಸುತ್ತಾರೆ ಎಂದು ಮತ್ತೆ ಕೇಳಿದರೆ ‘ಫುಡ್ ಐಟಮ್ಸ್’. ಅದು ಪೂರ್ತಿ ಸುಳ್ಳಲ್ಲ. ನಮ್ಮ ಕಂಪನಿ ಒಂದಿಷ್ಟು ಆಲಿವ್ ಎಣ್ಣೆ, ಒಂದಿಷ್ಟು ಚೀಸ್ ತರಿಸುತ್ತಿತ್ತು. ಆದರೆ ಕಂಪನಿ ನಡೆಯುತ್ತಿದ್ದದ್ದು ವೈನ್‌ನಿಂದ. ಅದರಲ್ಲೂ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಕೆಂಪು ವೈನ್‌ನಿಂದ. ಮೈಸೂರಿನಲ್ಲಿದ್ದ ಅಮ್ಮನಿಗೂ ಇದನ್ನು ಹೇಳಿರಲಿಲ್ಲ. ಗಂಡನಿಗೆ ಗೊತ್ತಿತ್ತು. ‘ಎಲ್ಲರ ಹತ್ರ ಯಾಕೆ ಎಕ್ಸ್‌ಪ್ಲೇನ್ ಮಾಡ್ತಾ ಕೂರ್ತೀಯ, ಬಿಡು’ ಎಂದವನೂ ಅವನೇ.

ನಾನು ಅಲ್ಲಿ ಸೇರಿದ್ದು ಕಾಗದಪತ್ರ ನೋಡಿಕೊಳ್ಳಲು. ಮಾಲೀಕರು ಅರವತ್ತು ದಾಟಿದ ಚೀನೀ ಮನುಷ್ಯ, ಮಾತು ಕಡಿಮೆ. ಒಂದು ದಿನ ಯಾವುದೋ ಬಾಟಲಿ ತೆರೆದು ಮೂಸಿ ನೋಡು ಎಂದರು. ಒದ್ದೆ ರಟ್ಟಿನ ವಾಸನೆ ಬರ್ತಿದೆ ಅಂದೆ. ಕಾರ್ಕ್ ಕೆಟ್ಟಿದ್ದನ್ನು ಅವರ ಇಬ್ಬರು ಸೇಲ್ಸ್‌ನವರೂ ಹಿಡಿದಿರಲಿಲ್ಲ. ಹುಳಿಪುಡಿಗೆ ಹುರಿಯುವ ಕೊತ್ತಂಬರಿ ಬೀಜ ಒಂದು ಗಳಿಗೆ ಹೆಚ್ಚು ಕೆಂಪಾದರೂ ಪಕ್ಕದ ಕೋಣೆಯಿಂದಲೇ ಹೇಳುತ್ತಿದ್ದ ಮೂಗು ನನ್ನದು. ಅದಕ್ಕೊಂದು ಸಂಬಳ ಬರಬಹುದು ಎಂದು ಮಾತ್ರ ಗೊತ್ತಿರಲಿಲ್ಲ. ವರ್ಷದೊಳಗೆ ನಮ್ಮಲ್ಲಿ ವೈನ್ ಕೊಳ್ಳುವ ಮೂರು ರೆಸ್ಟೋರೆಂಟುಗಳನ್ನು ನನಗೇ ಒಪ್ಪಿಸಿದರು. ಆಮೇಲೊಂದು ಅಕ್ಟೋಬರಿನಲ್ಲಿ ಬರ್ಗಂಡಿಗೂ ಕರೆದುಕೊಂಡು ಹೋದರು.

ಅಲ್ಲಿ ನಾವು ಉಳಿದದ್ದು ಒಂದು ಚಿಕ್ಕ ಕುಟುಂಬದ ಮನೆಯಲ್ಲಿ. ಎಪ್ಪತ್ತರ ಅಪ್ಪ, ನನ್ನ ವಯಸ್ಸಿನ ಮಗಳು, ಕುದುರೆ ಕಟ್ಟಿ ದ್ರಾಕ್ಷಿ ಸಾಲುಗಳ ನಡುವೆ ಉಳುವ ಅಳಿಯ. ಮನೆಯ ಕೆಳಗೇ ಕಲ್ಲಿನ ನೆಲಮಾಳಿಗೆ, ಅಲ್ಲಿ ವೈನಿನ ಪೀಪಾಯಿಗಳು. ಅವರು ಬಯೋಡೈನಮಿಕ್ ರೀತಿಯವರು: ರಾಸಾಯನಿಕ ಗೊಬ್ಬರ ಮುಟ್ಟುವುದಿಲ್ಲ, ತುರಚೆ ಸೊಪ್ಪಿನ ಕಷಾಯ ಮಾಡಿ ಬಳ್ಳಿಗೆ ಸಿಂಪಡಿಸುತ್ತಾರೆ, ವೈನನ್ನು ಪೀಪಾಯಿಯಿಂದ ಪೀಪಾಯಿಗೆ ಇಳಿಸುವುದಕ್ಕೂ ಚಂದ್ರನ ದಿನ ನೋಡುತ್ತಾರೆ. ವೈನ್ ಕೆಡದಿರಲೆಂದು ಎಲ್ಲರೂ ಹಾಕುವ ಗಂಧಕವನ್ನು ಈ ಮುದುಕ ಹಾಕುತ್ತಿದ್ದದ್ದು ಚಿಟಿಕೆಯಷ್ಟು.

ನಾವು ಹೋದ ದಿನ ಅಂಗಳದಲ್ಲಿ ಮಗಳು ಹಸುವಿನ ಕೊಂಬುಗಳಿಗೆ ಚಮಚದಲ್ಲಿ ಸಗಣಿ ತುಂಬುತ್ತಿದ್ದಳು. ಚಳಿಗಾಲವಿಡೀ ಅವನ್ನು ಮಣ್ಣಿನಲ್ಲಿ ಹೂತಿಟ್ಟು, ವಸಂತದಲ್ಲಿ ತೆಗೆದು, ನೀರಿನಲ್ಲಿ ಕದಡಿ ಹೊಲಕ್ಕೆ ಚಿಮುಕಿಸುತ್ತಾರಂತೆ. ಮುದುಕ ನನ್ನ ಕಡೆ ತಿರುಗಿ ಏನೋ ಹೇಳಿದ. ಮಗಳು ಇಂಗ್ಲಿಷಿನಲ್ಲಿ ತಿಳಿಸಿದಳು: ‘ಸಗಣಿಯ ಬೆಲೆ ನಿಮ್ಮ ದೇಶದವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ ಅಂತಿದಾರೆ ಅಪ್ಪ.’

ಹಾಸ್ಯ ಮಾಡುತ್ತಿದ್ದಾನೆ ಅಂದುಕೊಂಡೆ. ‘ನಾನು ಸಿಟಿಯವಳು, ಅದೆಲ್ಲ ಗೊತ್ತಿಲ್ಲ’ ಎಂದು ಒಂದು ಹೆಜ್ಜೆ ಹಿಂದೆ ಸರಿದೆ. ಹಬ್ಬದ ದಿನ ಬಾಗಿಲಿಗೆ ಸಗಣಿ ನೀರು ಹಾಕದೆ ಅಮ್ಮ ರಂಗೋಲಿ ಬಿಡುತ್ತಿರಲಿಲ್ಲ ಎಂಬುದನ್ನು ಹೇಳಲಿಲ್ಲ. ಮುದುಕನ ಮುಖದಲ್ಲಿ ನಗೆ ಇರಲಿಲ್ಲ, ನಿಜವಾಗಿಯೇ ಕೇಳಿದ್ದ ಎಂಬುದು ನನಗೆ ಹೊಳೆದದ್ದು ಊಟಕ್ಕೆ ಕೂತಾಗ. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದು ಆತ ತಾನೇ ಆಲೂಗಡ್ಡೆ ಬೇಯಿಸಿ, ಸಿಪ್ಪೆ ಸುಲಿದು, ಬಿಸಿಬಿಸಿಯಾಗಿ ನನ್ನ ತಟ್ಟೆಗೆ ಮೊದಲು ಹಾಕಿದ.

ಮುಂದಿನ ಜನವರಿ, ಸಂಕ್ರಾಂತಿಯ ಹಿಂದಿನ ಶನಿವಾರ. ವಾರವಿಡೀ ಮಳೆ ಸುರಿದು ಅಂದು ಬೆಳಗ್ಗೆ ಚುರುಚುರು ಬಿಸಿಲು ಬಂದಿತ್ತು. ನನ್ನ ಒಂದು ರೆಸ್ಟೋರೆಂಟಿಗೆ ಆ ಮುದುಕನ ಕೆಂಪು ವೈನಿನ ಮೂರು ಪೆಟ್ಟಿಗೆ ತುರ್ತಾಗಿ ಬೇಕಿತ್ತು. ವ್ಯಾನು ಬೇರೆಡೆ ಹೋಗಿತ್ತು. ಯಿಶುನ್‌ನಲ್ಲಿದ್ದ ನಮ್ಮ ತಂಪು ಗೋದಾಮಿನಿಂದ ಕಂಪನಿಯ ಪುಟ್ಟ ಕಾರಿನಲ್ಲಿ ನಾನೇ ತಲುಪಿಸುತ್ತೇನೆ ಎಂದು ಹೊರಟೆ. ದಾರಿಯಲ್ಲಿ ಲಿಟಲ್ ಇಂಡಿಯಾ. ಹತ್ತು ನಿಮಿಷದಲ್ಲಿ ಎಳ್ಳು, ಅಚ್ಚುಬೆಲ್ಲ, ಎರಡು ಜಲ್ಲೆ ಕಬ್ಬು ತೆಗೆದುಕೊಂಡು ಬಂದರಾಯಿತು ಎಂದು ಬಯಲು ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದೆ.

ಕಬ್ಬಿನ ರಾಶಿಯ ಮುಂದೆಯೇ ಆಂಟಿ ಸಿಕ್ಕರು. ನನ್ನ ಮಗಳಿಗೆ ವಾರಕ್ಕೊಮ್ಮೆ ಕನ್ನಡ ಪಾಠ ಹೇಳಿಕೊಡುವವರು. ಇಲ್ಲಿನ ಕನ್ನಡ ಸಂಘದಲ್ಲಿ ಅವರ ಮಾತಿಗೆ ತೂಕ. ಎರಡೂ ಕೈಯಲ್ಲಿ ಚೀಲ, ಕಂಕುಳಲ್ಲಿ ಕಬ್ಬು.

‘ಅಬ್ಬ, ಸದ್ಯ ನೀನಾದ್ರೂ ಸಿಕ್ಕಿದ್ಯಲ್ಲ! ಕಾರ್ ತಂದಿದ್ದೀಯ? ನನ್ನ ಸೆಂಗ್‌ಕಾಂಗ್‌ಗೆ ಡ್ರಾಪ್ ಮಾಡ್ಬಿಡೇ ಪ್ಲೀಸ್.’

ಹಿಂದಿನ ಸೀಟಿನ ಪೆಟ್ಟಿಗೆಗಳ ಮೇಲೆ ದಪ್ಪ ಅಕ್ಷರ, ದ್ರಾಕ್ಷಿಗೊಂಚಲಿನ ಚಿತ್ರ. ನನ್ನ ಬಾಯಿಂದ ಬಂದದ್ದು, ‘ಇಲ್ಲ ಆಂಟಿ, MRTಲಿ ಬಂದೆ.’

‘ಹಾಗಿದ್ರೆ ಇನ್ನೂ ಒಳ್ಳೇದು. ಇಬ್ರೂ ಒಟ್ಟಿಗೆ ಹೋಗೋಣ, ನಿಮ್ಮನೇನೂ ಅಲ್ಲೇ ಅಲ್ವಾ?’

ಕಾರಿನ ಕೀಲಿ ಮುಷ್ಟಿಯಲ್ಲಿತ್ತು. ಮೆಲ್ಲಗೆ ಪರ್ಸಿಗೆ ಜಾರಿಸಿದೆ. ಅವರ ಕಬ್ಬನ್ನೂ ನಾನೇ ಹೊತ್ತು ರೈಲು ಹತ್ತಿದೆ. ಸೆಂಗ್‌ಕಾಂಗ್‌ನಲ್ಲಿ ಇಳಿದು ಬಿಟ್ಟುಬರೋಣವೆಂದರೆ, ‘ಮನೆ ಬಾಗಿಲಿಗೆ ಬಂದು ಹಾಗೇ ಹೋಗ್ತೀಯ?’ ಎಂದು ಎಳೆದುಕೊಂಡು ಹೋದರು. ಅವರೆಕಾಳಿನ ಉಪ್ಪಿಟ್ಟು ಮಾಡಿದರು. ಎರಡನೇ ಸಲ ಬಡಿಸಿದರು. ಮಕ್ಕಳ ಕನ್ನಡ ನಾಟಕದ ಬಗ್ಗೆ ಮಾತು ತೆಗೆದರು. ನಾನು ಹೂಂ ಎನ್ನುತ್ತಾ ಕಿಟಕಿಯಾಚೆಯ ಬಿಸಿಲನ್ನೇ ನೋಡುತ್ತಿದ್ದೆ. ಆಫೀಸಿನ ಫೋನ್ ಬಂತೆಂದು ನಟಿಸಿ ಎದ್ದುಬಿಡಬಹುದಿತ್ತು. ಏಳಲಿಲ್ಲ. ಈಗ ಯೋಚಿಸಿದರೆ ನನಗೇ ಅರ್ಥವಾಗುವುದಿಲ್ಲ.

ಕಾರಿನ ಬಳಿ ವಾಪಸು ಬರುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿತ್ತು. ಬಾಗಿಲು ತೆಗೆದೊಡನೆ ಕುದಿಸಿದ ಹಣ್ಣಿನ ಸಿಹಿ ವಾಸನೆ ಮುಖಕ್ಕೆ ಬಡಿಯಿತು. ಒಂದು ಪೆಟ್ಟಿಗೆಯ ಮೂಲೆ ಒದ್ದೆಯಾಗಿತ್ತು. ತೆರೆದು ನೋಡಿದರೆ ಒಂದು ಬಾಟಲಿಯ ಕಾರ್ಕ್ ಮೇಲೆದ್ದು ಕಂಠದಲ್ಲಿ ಜಿನುಗಿತ್ತು. ವೈನ್ ಬಿಸಿಗೆ ಬೆಂದುಹೋಗಿದೆ ಎಂಬ ಇದರ ಅರ್ಥ ನಮ್ಮ ಕೆಲಸದಲ್ಲಿ ಗೊತ್ತಿಲ್ಲದವರು ಇಲ್ಲ. ನಾನು ಟಿಶ್ಯೂ ತೆಗೆದು ಆ ಬಾಟಲಿ ಒರೆಸಿದೆ, ಎಸಿ ಜೋರು ಮಾಡಿದೆ, ಒಯ್ದು ರೆಸ್ಟೋರೆಂಟಿಗೆ ಕೊಟ್ಟು ಸಹಿ ಹಾಕಿಸಿಕೊಂಡು ಬಂದೆ.

ಹತ್ತು ದಿನಕ್ಕೆ ಅಲ್ಲಿನ ಮ್ಯಾನೇಜರ್ ಕರೆಸಿದ. ಮಾಲೀಕರೂ ಬಂದರು. ‘ಇದು ವೈನಾ? ಜಾಮ್ ಲಾ ಇದು’ ಎಂದು ಮ್ಯಾನೇಜರ್ ಗ್ಲಾಸನ್ನು ನಮ್ಮ ಕಡೆ ತಳ್ಳಿದ. ಮಾಲೀಕರು ಒಂದು ಗುಟುಕು ಬಾಯಲ್ಲಿ ಹೊರಳಿಸಿ ಉಗುಳಿ ನನ್ನನ್ನು ನೋಡಿದರು. ಆಗ ಹೇಳಬಹುದಿತ್ತು. ಬದಲಿಗೆ ನಾನು ನಕ್ಕೆ.

‘ಅವರು ಗಂಧಕ ಸರಿಯಾಗಿ ಹಾಕಲ್ಲ. ಕೊಂಬಿಗೆ ಸಗಣಿ ತುಂಬಿ ಹೂಳೋದು, ಚಂದ್ರನ್ನ ನೋಡಿ ಬಾಟಲಿ ತುಂಬೋದು, ಇದೇ ಅವರ ಸೈನ್ಸ್. ಕೆಲವು ಸಲ ಹೀಗಾಗುತ್ತೆ.’

‘ಸಗಣಿನಾ?’ ಮ್ಯಾನೇಜರ್ ಮೇಜು ತಟ್ಟಿ ನಕ್ಕ. ನಾನು ಇನ್ನಷ್ಟು ಹೇಳಿದೆ. ಮುದುಕ ಹೇಗೆ ಬಕೆಟ್ಟಿನಲ್ಲಿ ಒಂದು ಗಂಟೆ ಕದಡುತ್ತಾನೆಂದು ಕೈ ತಿರುಗಿಸಿ ತೋರಿಸಿದೆ. ಮಾಲೀಕರು ನಗಲಿಲ್ಲ. ‘ಅವರಿಗೆ ಬರಿ’ ಎಂದರಷ್ಟೆ. ವೈನ್ ಬಾಟಲಿಯೊಳಗೇ ಕೆಟ್ಟಿದೆ, ನಿಮ್ಮ ವಿಧಾನದ ಬಗ್ಗೆ ಗ್ರಾಹಕರಿಗೆ ನಂಬಿಕೆ ಹೋಗಿದೆ ಎಂಬ ಆ ಈಮೇಲನ್ನು ಬರೆದವಳು ನಾನೇ. ಎರಡು ಸಲ ಓದಿ, ಭಾಷೆ ಸರಿಮಾಡಿ ಕಳಿಸಿದೆ.

ಒಂದು ವಾರ ಬಿಟ್ಟು ಉತ್ತರ ಬಂತು. ಅಪ್ಪನ ಮಾತನ್ನು ಮಗಳು ಇಂಗ್ಲಿಷಿನಲ್ಲಿ ಬರೆದಿದ್ದಳು. ಅದೇ ಪೀಪಾಯಿಗಳ ಬಾಟಲಿಗಳನ್ನು ದಿನವೂ ಬೆಳಗ್ಗೆ ಒಂದು, ಸಂಜೆ ಒಂದು ತೆರೆದು ನೋಡಿದ್ದೇವೆ, ದೋಷ ಕಾಣಲಿಲ್ಲ, ಆದರೂ ನಮ್ಮ ವೈನ್ ನಿಮ್ಮಲ್ಲಿಗೆ ಬಂದು ನಿಲ್ಲಲಾರದೆ ಹೋಗಿದ್ದರೆ ತಪ್ಪು ನಮ್ಮದೇ, ಕ್ಷಮಿಸಬೇಕು. ಮೂರು ಪೆಟ್ಟಿಗೆ ಹೊಸದಾಗಿ ಕಳಿಸುತ್ತೇವೆ. ನಾನು ಅದನ್ನು ಪ್ರಿಂಟ್ ಮಾಡಿ ಫೈಲಿಗೆ ಹಾಕಿದೆ. ಅಂದು ಮಧ್ಯಾಹ್ನ ಚಿತ್ರಾನ್ನದ ಡಬ್ಬಿಯನ್ನು ತೆರೆಯದೆ ಚೀಲಕ್ಕೆ ಹಾಕಿದೆ. ಆದರೆ ಸಂಜೆಯ ಹೊತ್ತಿಗೆ ಒಂದು ಬಗೆಯ ನೆಮ್ಮದಿಯೂ ಆಯಿತು ಎಂಬುದನ್ನು ಮುಚ್ಚಿಡಲಾರೆ. ಮುಗಿಯಿತಲ್ಲ ಎಂಬ ನೆಮ್ಮದಿ.

ಏಪ್ರಿಲ್‌ನಲ್ಲಿ ಮುದುಕನ ಮಗಳು ಸಿಂಗಪುರಕ್ಕೆ ಬಂದಳು. ತಮ್ಮ ವೈನ್ ಕೊಳ್ಳುವವರನ್ನು ಕಂಡು ಮಾತಾಡಿಸುವುದು ನೆಪ. ಬಂದದ್ದು ಆ ಕೆಟ್ಟ ಬಾಟಲಿಗಾಗಿ. ರೆಸ್ಟೋರೆಂಟಿನಿಂದ ವಾಪಸು ಬಂದಿದ್ದ ಒಂದನ್ನು ಮಾಲೀಕರು ಎತ್ತಿಟ್ಟಿದ್ದರು. ಅವಳು ತನ್ನ ಮನೆಯಿಂದ ಅದೇ ವರ್ಷದ ಇನ್ನೊಂದನ್ನು ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದಿದ್ದಳು. ಆಫೀಸಿನ ಮೇಜಿನ ಮೇಲೆ ಎರಡು ಗ್ಲಾಸು. ಅವಳದ್ದು ತಿಳಿಗೆಂಪು, ಆಗಷ್ಟೇ ಬಿಡಿಸಿದ ಚೆರ್ರಿಯ, ಮಳೆ ಬಿದ್ದ ಮಣ್ಣಿನ ವಾಸನೆ. ನಮ್ಮದು ಇಟ್ಟಿಗೆ ಬಣ್ಣ. ಅವಳು ಮೂಸಿದಳು ಅಷ್ಟೆ, ಬಾಯಿಗೂ ಇಡಲಿಲ್ಲ.

‘ಇದು ಬಿಸಿಲು ಕಂಡಿದೆ’ ಎಂದಳು.

ರೆಸ್ಟೋರೆಂಟಿನವರೇ ಅಡುಗೆಮನೆಯ ಒಲೆ ಪಕ್ಕ ಇಟ್ಟಿರಬೇಕೆಂದು ಮಾಲೀಕರು ಫೋನ್ ಎತ್ತಿಕೊಂಡರು. ‘ಬೇಡ, ಯಾರು ಅಂತ ಗೊತ್ತಿಲ್ಲದೆ ಯಾರನ್ನೂ ಅನ್ನೋದು ಬೇಡ’ ಎಂದು ಅವಳೇ ತಡೆದಳು. ನಾನು ಗ್ಲಾಸು ತೊಳೆಯುವ ನೆವದಲ್ಲಿ ಎದ್ದು ಹೋದೆ.

ಮಾರನೆಯ ದಿನ ಅವಳನ್ನು ಊಟಕ್ಕೆ ಸಾಲು ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿಗೆ ಕರೆದೊಯ್ದೆ. ಅವಳು ನೂಡಲ್ಸ್ ತಿನ್ನುತ್ತಾ, ದೂರುವ ಧ್ವನಿಯೇನೂ ಇಲ್ಲದೆ ಹೇಳಿದಳು: ಮಾರ್ಚಿನಲ್ಲಿ ಹೊಸ ವೈನನ್ನು ಬಾಟಲಿಗೆ ತುಂಬಿದೆವು. ಅಪ್ಪ ಈ ಸಲ ಗಂಧಕ ಜಾಸ್ತಿ ಹಾಕಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ. ನಾನೂ ಗಂಡನೂ ಬೇಡ ಅಂದೆವು. ದೂರದ ಊರಿನ ಜನ ನನ್ನ ಹಟಕ್ಕೆ ಯಾಕೆ ಕೆಟ್ಟ ವೈನ್ ಕುಡಿಯಬೇಕು ಅಂದರು ಅಪ್ಪ. ಈ ವರ್ಷ ಕೊಂಬುಗಳನ್ನೂ ಅಗೆದು ತೆಗೆಯಲಿಲ್ಲ. ಇನ್ನೂ ಮಣ್ಣಿನಲ್ಲೇ ಇವೆ.

‘ನಾನೇ’ ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಮೊದಲಿಂದ ಹೇಳಿದೆ. ಕಾರು, ಕಬ್ಬು, ಆಂಟಿ, ರೈಲು, ಉಪ್ಪಿಟ್ಟು, ಒರೆಸಿದ ಬಾಟಲಿ. ಈಮೇಲ್ ಬರೆದದ್ದೂ ನಾನೇ ಎಂದೆ. ಅವಳು ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟಳು.

‘ಆ ಹೆಂಗಸು ಪೆಟ್ಟಿಗೆ ನೋಡಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿದಳು. ಕೋಪದಿಂದಲ್ಲ, ನಿಜವಾಗಿಯೂ ತಿಳಿಯಬೇಕೆಂದು.

‘ಏನೂ ಆಗುತ್ತಿರಲಿಲ್ಲ’ ಎಂದೆ.

ಅವಳು ಗಡಿಯಾರ ನೋಡಿ, ಫೋನ್ ತೆಗೆದು ಅಪ್ಪನಿಗೆ ವಿಡಿಯೋ ಕರೆ ಮಾಡಿದಳು. ಅಲ್ಲಿ ಬೆಳಗ್ಗೆ ಏಳು. ‘ಇದನ್ನ ನಾನು ಹೇಳಲ್ಲ, ನೀನೇ ಹೇಳು. ಬೇಕಾದ್ರೆ ಅವರ ಭಾಷೆಗೆ ಮಾಡ್ತೀನಿ’ ಎಂದಳು. ಪರದೆಯ ಮೇಲೆ ಮುದುಕ ರಬ್ಬರ್ ಬೂಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ. ನನ್ನನ್ನು ಕಂಡು ಟೋಪಿ ಎತ್ತಿದ. ನಾನು ಒಂದೊಂದೇ ವಾಕ್ಯ ಹೇಳಿದೆ, ಅವಳು ಒಂದೊಂದನ್ನೇ ತಲುಪಿಸಿದಳು. ಸುತ್ತ ತಟ್ಟೆ ಲೋಟಗಳ ಸದ್ದು, ಪಕ್ಕದ ಮೇಜಿನವರು ನನ್ನ ಕಣ್ಣೀರು ನೋಡಿ ಆ ಕಡೆ ತಿರುಗಿದರು.

ಆತ ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಗಂಟೆ ಬಿಸಿಲಿನಲ್ಲಿತ್ತು? ಕಿಟಕಿ ಮುಚ್ಚಿತ್ತೇ? ಹೇಳಿದೆ. ಆತ ಏನೋ ಗೊಣಗಿ, ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

‘ಹಾಗಾದರೆ ವೈನ್ ಚೆನ್ನಾಗೇ ಇತ್ತು ಅಂತಿದಾರೆ’ ಎಂದಳು ಮಗಳು.

ಬಳಿಕ ಆತ ನನಗೆ ಥ್ಯಾಂಕ್ಸ್ ಹೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂರು ತಿಂಗಳು ತನ್ನ ಕೈಗಳನ್ನೇ ಅನುಮಾನಿಸುತ್ತಿದ್ದ ಮನುಷ್ಯ, ಅನುಮಾನ ಹುಟ್ಟಿಸಿದವಳಿಗೇ ಕೃತಜ್ಞನಾಗಿ ನಿಂತಿದ್ದ. ಆ ಮುಖವನ್ನು ಹೇಗೆ ನೋಡಲಿ? ನಾನು ಫೋನನ್ನು ಅವಳ ಕಡೆ ತಿರುಗಿಸಿಬಿಟ್ಟೆ.

ಅದೇ ಮಧ್ಯಾಹ್ನ ಮಾಲೀಕರಿಗೂ ಹೇಳಿದೆ. ‘ಬಾಟಲಿ ಹಾಳಾಗುತ್ತೆ, ಅದು ವ್ಯಾಪಾರ. ಆದರೆ ಅಂಥ ಮನುಷ್ಯನ ಕೈಲಿ ನಮಗೆ ಸಾರಿ ಹೇಳಿಸಿದೆಯಲ್ಲ’ ಎಂದರು. ಕೆಲಸದಿಂದ ತೆಗೆಯಲಿಲ್ಲ. ಮೂರೂ ರೆಸ್ಟೋರೆಂಟುಗಳನ್ನು ಬೇರೆಯವರಿಗೆ ಕೊಟ್ಟರು. ನಾನು ಮತ್ತೆ ಕಾಗದಪತ್ರದ ಮೇಜಿಗೆ ಬಂದೆ. ಬಾಟಲಿ ತೆರೆದಾಗ ಈಗ ನನ್ನನ್ನು ಕರೆಯುವುದಿಲ್ಲ. ಮ್ಯಾನೇಜರ್ ಬಳಿಗೆ ನಾನೇ ಹೋಗಿ ನಿಜ ಹೇಳಿದೆ. ‘ಹಾಗಿದ್ರೆ ಸಗಣಿದೇನೂ ತಪ್ಪಿಲ್ಲ ಅನ್ನು’ ಎಂದ. ಅವನಿಗೆ ಅದು ಇನ್ನೂ ತಮಾಷೆ. ನನ್ನಿಂದಲೇ ಕಲಿತ ತಮಾಷೆ.

ಆಂಟಿಗೂ ಒಂದು ದಿನ ಪಾಠ ಮುಗಿದ ಮೇಲೆ ಕಟ್ಟಡದ ಕೆಳಗಿನ ತೆರೆದ ಹಜಾರದಲ್ಲಿ, ವಾಯ್ಡ್ ಡೆಕ್‌ನಲ್ಲಿ ನಿಂತು ಹೇಳಿದೆ, ನನ್ನ ಕೆಲಸ ಏನೆಂದು. ‘ಅಯ್ಯೋ, ಇಷ್ಟೇನಾ! ನಮ್ಮೆಜಮಾನ್ರು ಫ್ರೈಡೇ ಫ್ರೈಡೇ ತಗೋತಾರಲ್ಲ. ನಾನೆಲ್ಲೋ ನಿಂಗೆ ಹೇಳ್ಕೊಳ್ಳೋ ಹಾಗಿಲ್ದಿರೋ ಕೆಲಸ ಅಂದ್ಕೊಂಡಿದ್ದೆ’ ಎಂದರು. ನಾನು ನಗಲು ನೋಡಿದೆ. ಆಗಲಿಲ್ಲ.

ಆ ಮಾರ್ಚಿನಲ್ಲಿ ತುಂಬಿದ ವೈನ್ ವರ್ಷದ ಕೊನೆಗೆ ನಮ್ಮ ಗೋದಾಮಿಗೆ ಬಂತು. ಒಂದು ಬಾಟಲಿಯನ್ನು ನಾನೇ ಕೊಂಡು ಮನೆಗೆ ತಂದೆ. ಅಚ್ಚುಕಟ್ಟಾಗಿದೆ, ಎಲ್ಲೂ ಕೆಟ್ಟಿಲ್ಲ, ಯಾವ ಬಿಸಿಗೂ ಸುಲಭಕ್ಕೆ ಜಗ್ಗುವಂಥದ್ದಲ್ಲ. ಮೊದಲಿನ ಆ ಮಣ್ಣಿನ ವಾಸನೆಗಾಗಿ ಗ್ಲಾಸಿನೊಳಗೆ ಮೂಗಿಟ್ಟು ಕಾದೆ, ಬರಲಿಲ್ಲ. ಗಂಡ ‘ಚೆನ್ನಾಗಿದೆಯಲ್ವಾ?’ ಎಂದು ಕೇಳಿದ. ಗಿರಾಕಿಗಳೂ ಹಾಗೇ ಹೇಳುತ್ತಾರೆ. ಮುಂದಿನ ವರ್ಷದ್ದನ್ನು ಅಪ್ಪ ಮತ್ತೆ ಹಳೆಯ ಹಾಗೇ ಮಾಡಿದ್ದಾರೆ ಎಂದು ಮಗಳು ಮಾಲೀಕರಿಗೆ ಬರೆದಿದ್ದಾಳಂತೆ. ಆದರೆ ಆ ಒಂದು ವರ್ಷದ ದ್ರಾಕ್ಷಿ ಮತ್ತೆ ಬೆಳೆಯುವುದಿಲ್ಲ. ಆ ವೈನಿಗೆ ಆರ್ಡರ್ ಬಂದಾಗಲೆಲ್ಲ ಕಾಗದ ಸಿದ್ಧಮಾಡುವವಳು ನಾನೇ. ಮೊನ್ನೆಯೂ ಎರಡು ಪೆಟ್ಟಿಗೆ ಹೋಯಿತು. ವಿಳಾಸ ಟೈಪ್ ಮಾಡಿ, ‘ತಂಪು ವಾಹನದಲ್ಲಿ ಮಾತ್ರ’ ಎಂಬ ಚೀಟಿಯನ್ನು ನಾನೇ ಕೆಳಗಿಳಿದು ಹೋಗಿ ಅಂಟಿಸಿ ಬಂದೆ.